ಡಬ್ಬಿ ಎಳೆಯುವ ಗಾಡಿಯ ಆವರೇಜು

ಹಳಿಯಾಳ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರ್ ಮಾಲೀಕರ ಬಾಯಲ್ಲಿ ಒಂದೇ ದೂರು: ‘ಗಾಡಿ ಭಾಳ ಎಣ್ಣೆ ಕುಡೀತೈತಿ.’ ಗಟ್ಟಿಯಾಗಿ ಹೇಳದ ಇನ್ನೊಂದು ಮಾತೂ ಉಂಟು. ಡ್ರೈವರ್ ರಾತ್ರಿ ಡೀಸೆಲ್ ತೆಗೆದು ಮಾರುತ್ತಿರಬೇಕು ಎಂಬ ಅನುಮಾನ ಅದು. ನಿನ್ನೆ ಅಷ್ಟೇ ದೂರ ಓಡಿದ ಗಾಡಿ ಇವತ್ತು ನಾಲ್ಕು ಲೀಟರ್ ಜಾಸ್ತಿ ಕುಡಿದರೆ ಪಾಪ, ಮಾಲೀಕ ಇನ್ನೇನು ತಿಳಿಯಬೇಕು? ದಾಂಡೇಲಿ, ಜೋಯಿಡಾ ಕಡೆಯ ಪಿಕಪ್ ಮಾಲೀಕರದೂ ಇದೇ ಪಾಡು. ಎಲ್ಲರೂ ನಂಬಿರುವುದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕವನ್ನು. ಒಬ್ಬನೇ ಕೂತು ಓಡಿಸುವ ಮೋಟರ್ ಸೈಕಲ್ಲಿಗೆ ಅದು ಸರಿ. ಹೊರೆ ಎಳೆದು ಹೊಟ್ಟೆ ಹೊರೆಯುವ ಗಾಡಿಗೆ ಆ ಲೆಕ್ಕ ಹಾಕುವುದು ತಪ್ಪು, ಡ್ರೈವರನ ವಿಷಯಕ್ಕೆ ಬಂದರೆ ಅನ್ಯಾಯ ಕೂಡ.

ಈ ದೂರು ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಪಿಕಪ್ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಪ್ರವಾಸ ಹೊರಡುವವರೂ ಆವರೇಜು ಅರ್ಧಕ್ಕೆ ಇಳಿಯಿತು ಎಂದು ಗೋಳಾಡುತ್ತಾರೆ. ಅವರ ಎಣ್ಣೆ ಕುಡಿಯುವುದು ಮುಖ್ಯವಾಗಿ ಗಾಳಿ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಗೋಡೆಯಂತೆ ನಿಂತ ಆ ಟ್ರೇಲರನ್ನು ಗಾಳಿಯಲ್ಲಿ ನೂಕುವುದಕ್ಕೆ ಬೇಕಾಗುವ ಬಲ, ಅದರ ಗಾಲಿಗಳನ್ನು ಉರುಳಿಸುವ ಬಲಕ್ಕಿಂತ ಹೆಚ್ಚು. ಅವರಿಗೆ ಮದ್ದು ಸುಲಭ: ನಿಧಾನವಾಗಿ ಓಡಿಸುವುದು. ನಮ್ಮ ಕಬ್ಬಿನ ಟ್ರ್ಯಾಕ್ಟರಿಗೆ ಈ ಮದ್ದು ಹತ್ತುವುದಿಲ್ಲ. ಅದು ಓಡುವುದೇ ಗಂಟೆಗೆ 20–25 ಕಿ.ಮೀ. ಅಷ್ಟರಲ್ಲಿ ಗಾಳಿಯದು ಪುಡಿಗಾಸಿನ ಪಾಲು.

ಹಾಗಾದರೆ ಎಣ್ಣೆ ಎಲ್ಲಿ ಹೋಗುತ್ತದೆ? ಒಂದು ಲೀಟರ್ ಡೀಸೆಲ್ಲಿನಲ್ಲಿರುವ ಶಕ್ತಿ ಸುಮಾರು 36 ಮೆಗಾಜೌಲ್. ಟ್ರ್ಯಾಕ್ಟರಿನ ಎಂಜಿನ್ ಅದರಲ್ಲಿ ಮೂರನೆಯ ಒಂದು ಪಾಲನ್ನೂ ಪೂರ್ತಿ ದುಡಿಮೆಗೆ ತರುವುದಿಲ್ಲ; ಹತ್ತು ಮೆಗಾಜೌಲ್ ದಕ್ಕಿತು ಎನ್ನೋಣ. ಹಿಂದೆ ಎರಡು ಡಬ್ಬಿ, ಅಂದರೆ ಎರಡು ಟ್ರೇಲರ್, ತಲಾ ಹತ್ತು ಟನ್ ಕಬ್ಬು, ಡಬ್ಬಿಗಳ ಮತ್ತು ಟ್ರ್ಯಾಕ್ಟರಿನ ಸ್ವಂತ ತೂಕ ಆರೂವರೆ ಟನ್ — ಒಟ್ಟು 26.5 ಟನ್. ಡಾಂಬರು ರಸ್ತೆಯಲ್ಲಿ ಗಾಲಿ ಉರುಳಿಸಲು ತೂಕದ ನೂರಕ್ಕೆ ಒಂದೂವರೆ ಪಾಲಿನಷ್ಟು ಬಲ ಸಾಕು. ಲೆಕ್ಕ ಹಾಕಿದರೆ ಲೀಟರಿಗೆ ಎರಡೂವರೆ ಕಿ.ಮೀ. ಬರುತ್ತದೆ. ಅದೇ ಗಾಡಿ ಹೊಲದ ಹಾದಿಗೆ ಇಳಿದರೆ ಬೇಕಾಗುವ ಬಲ ನೂರಕ್ಕೆ ಐದು ಪಾಲಿಗೆ ಏರುತ್ತದೆ. ಆಗ ಲೀಟರಿಗೆ ಒಂದು ಕಿ.ಮೀ. ಕೂಡ ಗಿಟ್ಟುವುದಿಲ್ಲ. ಕಟಾವು ಮಾಡಿದ ಹೊಲದೊಳಗಿನ ಸಡಿಲ ಮಣ್ಣಿನಲ್ಲಿ ಇದು ಹತ್ತು ಪಾಲು ದಾಟುತ್ತದೆ. ಮಳೆ ಬಿದ್ದಿದ್ದರೆ ಹಿಂದಿನ ಗಾಲಿ ಜಾರಿ ಇದ್ದಲ್ಲೇ ತಿರುಗುತ್ತದೆ. ಹಾಗೆ ತಿರುಗಿದ್ದಕ್ಕೂ ಎಣ್ಣೆ ಉರಿಯುತ್ತದೆ, ಗಾಡಿ ಮಾತ್ರ ಮುಂದೆ ಸಾಗುವುದಿಲ್ಲ.

ಹೊಲದಿಂದ ಹುಲ್ಲಟ್ಟಿಯ ಸಕ್ಕರೆ ಕಾರ್ಖಾನೆಗೆ 20 ಕಿ.ಮೀ. ಎಂದಿಟ್ಟುಕೊಳ್ಳಿ. ಅದರಲ್ಲಿ 2 ಕಿ.ಮೀ. ಮಾತ್ರ ಮಣ್ಣಿನ ಹಾದಿ. ದೂರದಲ್ಲಿ ಹತ್ತನೆಯ ಒಂದು ಪಾಲಷ್ಟೇ ಆದ ಆ ಹಾದಿ ಲೋಡಿನ ಪಯಣದ ಎಣ್ಣೆಯಲ್ಲಿ ಕಾಲು ಭಾಗಕ್ಕೂ ಮಿಕ್ಕಿ ತಿನ್ನುತ್ತದೆ. ಹಾದಿ ಇಲ್ಲದ ಹೊಲಕ್ಕೆ ಹೋದ ದಿನ ಆವರೇಜು ಬಿದ್ದಿತೆಂದರೆ ಕದ್ದದ್ದು ಡ್ರೈವರ್ ಎಂದು ಹೇಗೆ ಹೇಳುತ್ತೀರಿ?

ಹಾಗಾಗಿ ಲೆಕ್ಕ ಹಾಕಬೇಕಾದ್ದು ಕಿಲೋಮೀಟರಿನ ಮೇಲಲ್ಲ, ಸಾಗಿಸಿದ ಟನ್ನಿನ ಮೇಲೆ. ಇದಕ್ಕೆ ಮಾಲೀಕರ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ. ಲೆಕ್ಕ ಟನ್ನಿನ ಮೇಲೆ ಹಾಕಬೇಕು ಎಂದರೆ ಎರಡು ಡಬ್ಬಿ ಕಟ್ಟುವುದೇ ಜಾಣತನ ಆಯಿತಲ್ಲ? ಆಯಿತು, ಸ್ವಲ್ಪ. ಹೋಗಿ ಬರುವ ಎರಡೂ ಪಯಣ ಕೂಡಿಸಿದರೆ ಒಂದು ಡಬ್ಬಿಯಲ್ಲಿ ಟನ್ ಕಬ್ಬಿಗೆ 1.9 ಟನ್ ತೂಕ ಉರುಳಿಸಬೇಕು, ಎರಡು ಡಬ್ಬಿಯಲ್ಲಿ 1.65. ಉಳಿಯುವುದು ಎಂಟನೆಯ ಒಂದು ಪಾಲು ಎಣ್ಣೆ, ಅಷ್ಟೆ. ಎರಡನೆಯ ಡಬ್ಬಿ ನಿಜವಾಗಿ ಉಳಿಸುವುದು ಡ್ರೈವರನ ಪಗಾರ ಮತ್ತು ಇನ್ನೊಂದು ಸುತ್ತಿನ ಹೊತ್ತು. ‘ಡೀಸೆಲ್ ಉಳಿಸಲಿಕ್ಕೆ’ ಎಂಬುದು ನೆಪ. ಬಹುಪಾಲು ಡಬ್ಬಿಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ, ಕತ್ತಲಲ್ಲಿ ಹಿಂದೆ ಮಿಂಚುವ ಪಟ್ಟಿಯೂ ಎಷ್ಟಕ್ಕೋ ಇರುವುದಿಲ್ಲ. ಇಳಿಜಾರಿನಲ್ಲಿ ಇಪ್ಪತ್ತು ಟನ್ ಕಬ್ಬು ಎರಡೂವರೆ ಟನ್ನಿನ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುವಾಗ ಎಂಟನೆಯ ಆ ಪಾಲು ಯಾರ ಜೀವದಿಂದ ಉಳಿಯಿತು ಎಂದು ಕೇಳಬೇಕಾಗುತ್ತದೆ.

ಜೋಯಿಡಾ ಕಡೆ ಲೆಕ್ಕ ಬೇರೆ. ಅಲ್ಲಿ ಮಣ್ಣಿಗಿಂತ ಏರು ದುಬಾರಿ. ನೆನಪಿಡಲು ಸುಲಭವಾದ ಅಂದಾಜು: ಹತ್ತು ಟನ್ ತೂಕವನ್ನು ನೂರು ಮೀಟರ್ ಎತ್ತಲು ಹತ್ತಿರ ಹತ್ತಿರ ಒಂದು ಲೀಟರ್ ಡೀಸೆಲ್. ದಾಂಡೇಲಿ ಇರುವುದು ಸಮುದ್ರಮಟ್ಟದಿಂದ ಸುಮಾರು 470 ಮೀಟರ್ ಮೇಲೆ. ಕಾರವಾರದಿಂದ ಕದ್ರಾ, ಅಣಶಿ ಘಟ್ಟ ಹತ್ತಿ ಮೀನು ತರುವ ಮೂರು ಟನ್ನಿನ ಪಿಕಪ್ ಬರೀ ಈ ಎತ್ತರಕ್ಕೇ ಒಂದೂಕಾಲು ಲೀಟರಿಗಿಂತ ಹೆಚ್ಚು ಉರಿಸುತ್ತದೆ. ಇಳಿಯುವಾಗ ಅದು ವಾಪಸು ಸಿಗಬೇಕು. ಆದರೆ ಗಾಡಿ ಇಳಿಯುವುದು ಖಾಲಿ, ಸಿಕ್ಕಷ್ಟನ್ನೂ ಘಟ್ಟದ ತಿರುವುಗಳಲ್ಲಿ ಬ್ರೇಕ್ ನುಂಗುತ್ತದೆ. ಮುಂಡಗೋಡದ ಬಯಲಿನಲ್ಲಿ ಜೋಳದ ಲೋಡು ಒಯ್ಯುವ ಅದೇ ಕಂಪನಿಯ, ಅದೇ ಪಿಕಪ್ಪಿನ ಜೊತೆ ಇದನ್ನು ಹೋಲಿಸಿ ‘ಎಂಜಿನ್ ಕೆಟ್ಟೈತಿ’ ಎಂದು ಗ್ಯಾರೇಜಿಗೆ ಬಿಡುವುದು ಹಣ ಸುರಿಯುವ ಕೆಲಸ. ಗ್ಯಾರೇಜಿಗೆ ಹೋಗುವ ಮೊದಲು ಟೈರಿನ ಗಾಳಿ ನೋಡಲಿ. ಗಾಳಿ ಕಡಿಮೆಯಾದ ಡಬ್ಬಿ ಟೈರನ್ನು ಹಂಗಾಮು ಮುಗಿಯುವವರೆಗೆ ಯಾರೂ ಮುಟ್ಟುವುದಿಲ್ಲ, ಎಂಜಿನ್ನಿಗೆ ಮಾತ್ರ ಹೊಸ ನಾಜಲ್ ಹಾಕಿಸುತ್ತಾರೆ.

ಇದೆಲ್ಲ ಮಾಲೀಕರ ತಲೆನೋವು, ನಮಗೇನು ಎಂದು ಕಬ್ಬು ಬೆಳೆಯುವವರು ತಿಳಿಯಬಾರದು. ಕಬ್ಬಿಗೆ ಕೇಂದ್ರ ಸರ್ಕಾರ ಸಾರುವ ನ್ಯಾಯಸಮ್ಮತ ಬೆಲೆ, ಅಂದರೆ ಎಫ್‌ಆರ್‌ಪಿ, ಕಾರ್ಖಾನೆಯ ಬಾಗಿಲಿನಲ್ಲಿ ಕೊಡುವ ದರ. ಕಟಾವು ಮತ್ತು ಸಾಗಾಟದ ಖರ್ಚು ರೈತನ ಬಿಲ್ಲಿನಿಂದಲೇ ಕಳೆಯುತ್ತದೆ. ಹೊಲದ ಹಾದಿ ತಿಂದ ಎಣ್ಣೆ ಹೀಗೆ ಸುತ್ತಿ ಬಂದು ಹೊಲದವನ ಹೆಗಲೇರುತ್ತದೆ. ದರಕ್ಕಾಗಿ ಹೆದ್ದಾರಿ ತಡೆಯುವ ನಮ್ಮ ಸಂಘಟನೆಗಳು ಹೊಲದ ಹಾದಿಗಾಗಿ ಅಷ್ಟು ಗಟ್ಟಿಯಾಗಿ ದನಿ ಎತ್ತಿದ್ದು ನಾನು ಕಂಡಿಲ್ಲ. ಸಾಗಾಟದ ದರ ಮಾತಾಡುವಾಗ ಎಲ್ಲರೂ ಕಿಲೋಮೀಟರ್ ಎಣಿಸುತ್ತಾರೆ. ಆ ಕಿಲೋಮೀಟರ್ ಎಂಥದ್ದು ಎಂದು ಕೇಳುವವರು ಕಡಿಮೆ.

ಉದ್ಯೋಗ ಖಾತ್ರಿಯ ಹಣದಲ್ಲಿ ಹೊಲದ ಹಾದಿ ಮಾಡಿಸಲು ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನ ಕಾರ್ಯಕ್ರಮವೇ ಈ ರಾಜ್ಯದಲ್ಲಿ ಬಂದಿದೆ. ಮುಂದಿನ ಗ್ರಾಮಸಭೆಗೆ ಹೋಗುವ ರೈತರು ತಮ್ಮ ಹಾದಿಯ ಅರ್ಜಿ ಹಿಡಿದುಕೊಂಡೇ ಹೋಗಲಿ. ಟ್ರ್ಯಾಕ್ಟರ್ ಮಾಲೀಕರೂ ಅವರ ಜೊತೆ ಕೂತುಕೊಳ್ಳಲಿ. ಅಲ್ಲಿಯತನಕ ಡ್ರೈವರನ ಮೇಲಿನ ಅನುಮಾನ ಬಿಟ್ಟು, ದಿನದ ಕೊನೆಗೆ ಎರಡು ಸಂಖ್ಯೆ ಬರೆದಿಡಿ: ತೂಕದ ಚೀಟಿಯಲ್ಲಿರುವ ಟನ್ ಎಷ್ಟು, ತುಂಬಿಸಿದ ಎಣ್ಣೆ ಎಷ್ಟು. ಜೊತೆಗೆ ಯಾವ ಹೊಲದ ಲೋಡು ಎಂಬುದನ್ನೂ ಬರೆಯಿರಿ.