ಖರ್ಚಿಗೆ ಸಹಿ ಹಾಕಿದವರು

1972ರ ‘ನಾಗರಹಾವು’ ಚಿತ್ರದ ಬಗ್ಗೆ ಕನ್ನಡದಲ್ಲಿ ಬರೆದದ್ದಕ್ಕೆ ಲೆಕ್ಕವಿಲ್ಲ. ನಿರ್ದೇಶಕ ಪುಟ್ಟಣ್ಣ ಕಣಗಾಲರ ಪ್ರತಿಭೆ, ಕಾದಂಬರಿಕಾರ ತ.ರಾ.ಸು. ಅವರ ಮುನಿಸು, ವಿಷ್ಣುವರ್ಧನ್ ಉದಯ ಎಂದು ಐವತ್ತು ವರ್ಷಗಳಿಂದ ಅದನ್ನೇ ತಿರುವಿಹಾಕುತ್ತಿದ್ದೇವೆ. ಚಿತ್ರ ತಯಾರಿಸಿದ ಎನ್. ವೀರಾಸ್ವಾಮಿ ಈ ಬರಹಗಳಲ್ಲಿ ‘ರವಿಚಂದ್ರನ್ ಅವರ ತಂದೆ’ಯಾಗಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಕನ್ನಡದ ಜನಪ್ರಿಯ ಚಿತ್ರಕ್ಕೆ ರೂಪ ಕೊಟ್ಟವರ ಪಟ್ಟಿಯಲ್ಲಿ ಈಶ್ವರಿ ಸಂಸ್ಥೆಯ ಈ ಯಜಮಾನರ ಹೆಸರು ಮೊದಲ ಸಾಲಿನಲ್ಲೇ ಇರಬೇಕು ಎಂಬುದು ನನ್ನ ವಾದ.

ವೀರಾಸ್ವಾಮಿ ಹಂಚಿಕೆಯಿಂದ ನಿರ್ಮಾಣಕ್ಕೆ ಬಂದವರು. ಅವರನ್ನು ಅರಿಯಲು ಇದೇ ಬೀಗದ ಕೈ. ಮಂಡಿಪೇಟೆಯ ಅಡತಿ ವರ್ತಕ ಬೆಳೆ ಕೈಗೆ ಬರುವ ಮೊದಲೇ ಮುಂಗಡ ಕೊಡಬೇಕಾದರೆ ಅವನಿಗೆ ಆ ಹೊಲ, ಆ ರೈತ, ಆ ವರ್ಷದ ಮಳೆ ಮೂರೂ ಗೊತ್ತಿರಬೇಕು. ಹಂಚಿಕೆದಾರನ ಕಸುಬೂ ಅಂಥದ್ದೇ. ಯಾವ ಏರಿಯಾದ ಜನ ಯಾವುದಕ್ಕೆ ಕ್ಯೂ ನಿಲ್ಲುತ್ತಾರೆ ಎಂಬ ತಿಳಿವಳಿಕೆಯೇ ಅವನ ಬಂಡವಾಳ. ಹಾಗೆಂದು ಅವನು ಹಿಂದೆ ಗೆದ್ದದ್ದನ್ನೇ ಮತ್ತೆ ಮಾಡುತ್ತಾನೆ ಎಂದುಕೊಂಡರೆ ತಪ್ಪಾಗುತ್ತದೆ. 1971ರಲ್ಲಿ ರಾಜ್‌ಕುಮಾರ್ ಅವರ ತ್ರಿಪಾತ್ರದ ‘ಕುಲಗೌರವ’ ತಯಾರಿಸಿದ ವೀರಾಸ್ವಾಮಿ, ಮರುವರ್ಷವೇ ‘ನಾಗರಹಾವು’ ಚಿತ್ರದ ನಾಯಕನ ಪಾತ್ರಕ್ಕೆ ತೀರಾ ಹೊಸಬರಾದ ಸಂಪತ್ ಕುಮಾರ್ ಅವರನ್ನು ಒಪ್ಪಿಕೊಂಡರು. ವಿಷ್ಣುವರ್ಧನ್ ಎಂಬ ಹೆಸರು ಕೊಟ್ಟವರು ಪುಟ್ಟಣ್ಣ, ನಿಜ. ಆದರೆ ಆ ಹೆಸರನ್ನು ನಂಬಿ ವರ್ಣಚಿತ್ರದ ಖರ್ಚು ಹೊತ್ತವರು ಇವರು.

ಈಗ ಚಿತ್ರದಲ್ಲಿ ಹಾಡಾಗಿ ಬರುವ ಒನಕೆ ಓಬವ್ವನ ಪ್ರಸಂಗವನ್ನೇ ನೋಡೋಣ. ಕಥೆಯ ಓಟಕ್ಕೆ ಅದು ಬೇಕಿಲ್ಲ. ರಾಮಾಚಾರಿಯ ಹಟ, ಚಾಮಯ್ಯ ಮೇಷ್ಟ್ರ ಮಮತೆ, ಅಲಮೇಲು, ಮಾರ್ಗರೇಟ್ ಇವರೆಲ್ಲ ಆ ಹಾಡಿಲ್ಲದೆಯೂ ಕೊನೆ ಮುಟ್ಟುತ್ತಾರೆ. ಆದರೂ ಚಿತ್ರ ನಿಂತು, ಹದಿನೆಂಟನೆಯ ಶತಮಾನಕ್ಕೆ ಇಳಿದು, ಹೈದರಾಲಿಯ ಪಡೆ ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳುವುದನ್ನು ತೋರಿಸುತ್ತದೆ. ಗಮನಿಸಬೇಕಾದದ್ದು ಚಿತ್ರಣದ ಕ್ರಮ. ಗಂಡ ಊಟಕ್ಕೆ ಕೂತಿದ್ದಾನೆ, ಹೆಂಡತಿ ನೀರಿಗೆ ಬಂದಿದ್ದಾಳೆ. ಕೈಗೆ ಸಿಕ್ಕಿದ್ದು ಕತ್ತಿಯಲ್ಲ, ಒನಕೆ. ತಲೆಯೊಂದು ಕಿಂಡಿಯಿಂದ ಹೊರಬರುತ್ತದೆ, ಪೆಟ್ಟು ಬೀಳುತ್ತದೆ, ಹೆಣವನ್ನು ಪಕ್ಕಕ್ಕೆ ಎಳೆಯುತ್ತಾಳೆ, ಮತ್ತೊಂದು ತಲೆ. ಜಯಂತಿಯವರ ಮೈಯಲ್ಲಿ ಆ ಕೆಲಸ ಭತ್ತ ಕುಟ್ಟುವ ಲಯದಿಂದ ಶುರುವಾಗಿ ಉಗ್ರವಾಗುತ್ತದೆ, ಪಿ.ಬಿ. ಶ್ರೀನಿವಾಸ್ ಕಂಠ, ವಿಜಯಭಾಸ್ಕರ್ ಸಂಗೀತ ಅದನ್ನು ಲಾವಣಿಯ ಎತ್ತರಕ್ಕೆ ಒಯ್ಯುತ್ತವೆ. ಅತಿಥಿ ಪಾತ್ರದಲ್ಲಿ ಹೆಸರಾಂತ ನಟಿ, ಸೈನಿಕರ ವೇಷ, ಕೋಟೆಯಲ್ಲಿ ಚಿತ್ರೀಕರಣ ಎಲ್ಲ ಸೇರಿ ದುಬಾರಿ ನಿಮಿಷಗಳಿವು. ಲೆಕ್ಕವನ್ನಷ್ಟೇ ನೋಡುವ ನಿರ್ಮಾಪಕ ಮೊದಲು ಕತ್ತರಿ ಹಾಕುತ್ತಿದ್ದದ್ದು ಇಲ್ಲಿಗೇ. ಕತ್ತರಿ ಬೀಳಲಿಲ್ಲ. ಯಾರು ಕ್ಯೂ ನಿಲ್ಲುತ್ತಾರೆ ಎಂಬ ಹಂಚಿಕೆದಾರನ ತಿಳಿವಳಿಕೆ ಇಲ್ಲಿ ನೆನಪಾಗಬೇಕು. ದಾವಣಗೆರೆ, ಹರಿಹರ ಎರಡೂ ಆಗ ಚಿತ್ರದುರ್ಗ ಜಿಲ್ಲೆಯ ಊರುಗಳು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯ ಹತ್ತಿಗಿರಣಿ, ಕಿರ್ಲೋಸ್ಕರ್ ಕಾರ್ಖಾನೆಯ ಕಾರ್ಮಿಕರಿಗೆ ಓಬವ್ವ ತಮ್ಮ ಜಿಲ್ಲೆಯ ಹೆಣ್ಣುಮಗಳು. ಆ ನಿಮಿಷಗಳಿಂದಾಗಿಯೇ ರಾಮಾಚಾರಿಯ ಹಟ ಒಬ್ಬ ಪುಂಡನ ಹಟವಾಗಿ ಉಳಿಯದೆ ಕೋಟೆಯ ಹಟವಾಗುತ್ತದೆ. ಚಿತ್ರದ ಕಸುವು ಅಲ್ಲಿದೆ.

ಇದೂ ಪುಟ್ಟಣ್ಣನವರದೇ ಕಲ್ಪನೆ, ನಿರ್ಮಾಪಕರಿಗೇಕೆ ಪಾಲು ಎಂದು ಕೇಳುವವರಿದ್ದಾರೆ. ಚಿತ್ರಕ್ಕೆ ಒಬ್ಬನೇ ಕರ್ತೃ ಎಂಬ ನಂಬಿಕೆ ನಮ್ಮ ವಿಮರ್ಶೆಗೆ ಸಾಹಿತ್ಯದಿಂದ ಬಂದದ್ದು. ಕಾದಂಬರಿಗೆ ಕಾಗದ ಸಾಕು. ಸಿನಿಮಾದಲ್ಲಿ ಖರ್ಚಿಗೆ ಯಾರೋ ಸಹಿ ಹಾಕದೆ ಕಲ್ಪನೆ ತೆರೆಗೆ ಬರುವುದಿಲ್ಲ. ಆ ಸಹಿ ಕೂಡ ಒಂದು ರಸನಿರ್ಧಾರ. ಇನ್ನೊಂದು ಗುಂಪು ನಾಗರಹಾವನ್ನು ಕೇರೆಹಾವು ಮಾಡಿದರೆಂಬ ತ.ರಾ.ಸು. ಅವರ ಹೆಸರಿನಲ್ಲಿ ಓಡಾಡುವ ಮಾತನ್ನೇ ತೀರ್ಪಾಗಿ ಹಿಡಿದು ಕೂತಿದೆ. ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ಇಳಿಸಿದಾಗ ಲೇಖಕನಿಗೆ ನೋವಾಗುವುದು ಸಹಜ, ಆ ನೋವನ್ನು ಗೌರವಿಸೋಣ. ಆದರೆ ವಿಮರ್ಶಕ ಅದನ್ನು ಎರವಲು ಪಡೆದು ಚಿತ್ರ ನೋಡುವ ಕೆಲಸದಿಂದ ತಪ್ಪಿಸಿಕೊಳ್ಳುವುದನ್ನು ಒಪ್ಪಲಾಗದು. ಓಬವ್ವನ ಪ್ರಸಂಗವನ್ನು ‘ವ್ಯಾಪಾರಿ ತುರುಕು’ ಎಂದು ತಳ್ಳಿಹಾಕುವವರು, ಅಷ್ಟು ಖರ್ಚಿನ ತುರುಕನ್ನು ವ್ಯಾಪಾರಿ ಏಕೆ ಉಳಿಸಿಕೊಂಡ ಎಂಬ ಪ್ರಶ್ನೆಗೆ ಉತ್ತರಿಸಬೇಕು.

ವೀರಾಸ್ವಾಮಿ ಮುಂದೆ ಗೆದ್ದದ್ದೂ ಉಂಟು, ಎಡವಿದ್ದೂ ಉಂಟು. 1983ರ ‘ಚಕ್ರವ್ಯೂಹ’ ಮರುವರ್ಷ ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಅವರ ‘ಇಂಕ್ವಿಲಾಬ್’ ಆಯಿತು. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಅವರ ಮೇಲೆ, ನಿರ್ದೇಶಕನಾದ ಮಗನ ಮೇಲೆ ಇಟ್ಟ ನಂಬಿಕೆ ಕನ್ನಡ ಚಿತ್ರಸಂಗೀತದ ದಾರಿಯನ್ನೇ ಬದಲಿಸಿತು. ಆದರೆ 1991ರ ‘ಶಾಂತಿ ಕ್ರಾಂತಿ’ ನಾಲ್ಕು ಭಾಷೆಗಳಿಗೆ ಹರಡಿಕೊಂಡು ನೆಲಕಚ್ಚಿತು. ಧೈರ್ಯ ಹಿಂದಿನದೇ, ಯಾವ ಊರಿನವರಿಗಾಗಿ ಎಂಬ ತಿಳಿವಳಿಕೆ ಮಾತ್ರ ಅದರಲ್ಲಿರಲಿಲ್ಲ. ಆ ಸೋಲನ್ನು ಅವರ ಲೆಕ್ಕಕ್ಕೇ ಬರೆಯುವ ನಾವು, 1972ರ ಗೆಲುವಿನ ಪಾಲನ್ನೂ ಅವರ ಲೆಕ್ಕಕ್ಕೇ ಬರೆಯಬೇಕು.