ನಟನಿಗೆ ಕಾಯದ ತಾಳ

ಲೆಗ್ ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂದಮೇಲೆ ರಂಗಗೀತೆ ಕೆಟ್ಟಿತೆಂಬುದು ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿ ನಾಟಕಗಳ ಬಗೆಗಿನ ದೂರು. ಇದು ಅರ್ಧ ನಿಜ. ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು. ಕಂಪನಿ ನಾಟಕ ಮಾತ್ರ ಬಿಡಲಿಲ್ಲ. ಸುಭದ್ರಮ್ಮ ಮನ್ಸೂರರಂಥ ಹಾಡುವ ನಟಿಯರ ಬಳ್ಳಾರಿಯಲ್ಲಿ ಪೇಟಿ ಮಾಸ್ತರರು ಕಲಾವಿದರ ಬಾಯಿ ನೋಡಿ ನುಡಿಸುತ್ತಿದ್ದರು.

ಈಗ ತಂಡಗಳು ಕೊಳ್ಳುವ ಸೆಕೆಂಡ್ ಹ್ಯಾಂಡ್ ಕೀಬೋರ್ಡಿನಲ್ಲಿ ಹಳೆಯ ಯಜಮಾನನ ಸೆಟ್ಟಿಂಗ್ ಉಳಿದಿರಬಹುದು. ಟ್ರಾನ್ಸ್‌ಪೋಸ್ ಒಂದು ಮನೆ ಏರಿದ್ದರೆ ಬಿಳಿ ಎರಡು ಒತ್ತಿದಾಗ ಕರಿ ಎರಡು ಕೇಳುತ್ತದೆ. ಅದನ್ನು ಸೊನ್ನೆಗೆ ತರಬೇಕು. ಜೊತೆಗೆ ಹಳೆಯ ಪೇಟಿಯೂ ಇದ್ದರೆ, ಫೈನ್ ಟ್ಯೂನಿಂಗ್‌ನಿಂದ ಅದರ ಶ್ರುತಿಗೆ ಕೂಡಿಸಬೇಕು. ಇದು ಹತ್ತು ನಿಮಿಷದ ಕೆಲಸ.

ನಿಜವಾದ ಕೇಡು ಆಟೋ ರಿದಮ್‌ನಲ್ಲಿದೆ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿ ಸಾಲಿನ ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿದಾಗಲೂ ಯಂತ್ರದ ತಾಳ ಓಡುತ್ತಲೇ ಇರುತ್ತದೆ. ನಟಿ ಆಲಾಪ ಮೊಟಕುಮಾಡಿ ಅದರ ಹಿಂದೆ ಓಡಬೇಕು. ಪಾತ್ರದ ಸಿಟ್ಟು, ಸಂಕಟ ಅಲ್ಲೇ ತುಂಡಾಗುತ್ತದೆ. ಆ ಗುಂಡಿ ಆರಿಸಿ ತಬಲಾದವರನ್ನು ಕೂರಿಸಿದರೆ ಅದೇ ಕೀಬೋರ್ಡ್ ಪೇಟಿಯ ಹಾಗೆ ಕಾಯುತ್ತದೆ.

ನಾಟಕ ನೋಡಿ ಬರೆಯುವವರು ಇನ್ನಾದರೂ ವಾದ್ಯದ ಹೆಸರು ಬಿಟ್ಟು, ಅದು ನಟರಿಗೆ ಕಾಯಿತೇ ಎಂಬುದನ್ನು ಬರೆಯಲಿ.