ದುಡಿವ ಕಡೆಗೆ ಹರಿವ ನೆತ್ತರು

ಸುಮ್ಮನೆ ಕುಳಿತಾಗ ನಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತದೆ. ಮೈಯಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಐದನೆಯ ಒಂದು ಪಾಲು ಮೂತ್ರಪಿಂಡಗಳಿಗೆ, ಏಳನೆಯ ಒಂದು ಪಾಲು ಮಿದುಳಿಗೆ. ಮೈತೂಕದಲ್ಲಿ ಶೇ. 40ರಷ್ಟಿರುವ ಸ್ನಾಯುಗಳಿಗೆ ಆಗ ಸಿಗುವುದೂ ಐದನೆಯ ಒಂದು ಪಾಲಿನಷ್ಟೇ. ಹೃದಯದ ಬಗ್ಗೆ ಬರೆದವರು, ಹಾಡಿದವರು ಬೇಕಾದಷ್ಟು ಮಂದಿ. ಈ ಹಂಚಿಕೆಯ ಸೊಗಸನ್ನು ನಿಂತು ನೋಡಿದವರು ಕಡಿಮೆ. ದೇಹದ ಇನ್ನಾವ ಕೆಲಸವೂ ನನಗೆ ಇದರಷ್ಟು ಚೆಲುವಾಗಿ ಕಂಡಿಲ್ಲ.

ಎದ್ದು ಮೆಟ್ಟಿಲು ಹತ್ತತೊಡಗಿದರೆ ಲೆಕ್ಕವೆಲ್ಲ ಬದಲಾಗುತ್ತದೆ. ಹಾಯಾಗಿದ್ದಾಗ 100 ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಮೂರು ನಾಲ್ಕು ಮಿಲಿಲೀಟರ್ ರಕ್ತ ಸಾಕು. ದುಡಿತ ಜೋರಾದಾಗ ಅದು ಇಪ್ಪತ್ತು ಪಟ್ಟನ್ನೂ ಮೀರಬಲ್ಲದು. ಹೃದಯವೊಂದೇ ಅಷ್ಟನ್ನು ಪೂರೈಸಲಾರದು. ಚೆನ್ನಾಗಿ ಪಳಗಿದ ಓಟಗಾರನ ಹೃದಯವೂ ಆರೇಳು ಪಟ್ಟಿಗೆ ನಿಂತುಬಿಡುತ್ತದೆ. ಉಳಿದದ್ದು ಹಂಚಿಕೆಯಿಂದಲೇ ಬರಬೇಕು. ನಮ್ಮ ಹಳೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ತೂಬು ತೆಗೆದು ಮುಚ್ಚುವುದು ಅವನ ಪಾಲಿನ ಕೆಲಸ. ದೇಹದಲ್ಲಿ ಬಾಯಾರಿದ ಗದ್ದೆಯೇ ತನ್ನ ತೂಬನ್ನು ತೆಗೆದುಕೊಳ್ಳುತ್ತದೆ.

ಆ ತೂಬು ಎಂದರೆ ಕಿರುಧಮನಿ: ದೊಡ್ಡ ಅಪಧಮನಿ ಕವಲೊಡೆಯುತ್ತ ಹೋಗಿ, ಲೋಮನಾಳಗಳಿಗೆ ತುಸು ಮೊದಲು, ಕೂದಲೆಳೆಗಿಂತ ತೆಳ್ಳಗಾದ ಕವಲು. ಅದರ ಗೋಡೆಯ ಸುತ್ತ ಸ್ನಾಯುಕೋಶಗಳು ಉಂಗುರದಂತೆ ಬಿಗಿದುಕೊಂಡಿರುತ್ತವೆ. ಪಕ್ಕದಲ್ಲಿ ದುಡಿಯುತ್ತಿರುವ ಜೀವಕೋಶ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಪೊಟ್ಯಾಸಿಯಂ ಹೊರಚೆಲ್ಲುತ್ತದೆ, ಅಡಿನೋಸಿನ್ ಒಸರುತ್ತದೆ. ಇವೆಲ್ಲ ತಾಗಿದೊಡನೆ ಉಂಗುರ ಸಡಿಲುತ್ತದೆ. ದುಡಿಮೆಯ ಕಸವೇ ಇಲ್ಲಿ ಬೇಡಿಕೆಯ ಅರ್ಜಿ! ಹೆಚ್ಚಾಗಿ ಹರಿದು ಬಂದ ರಕ್ತ ಆ ಕಸವನ್ನು ತೊಳೆದುಕೊಂಡು ಹೋಗುತ್ತದೆ. ಅರ್ಜಿಯೂ ಅದರೊಂದಿಗೆ ಅಳಿಸಿಹೋಗಿ, ಉಂಗುರ ಮತ್ತೆ ಬಿಗಿಯುತ್ತದೆ. ಕೇಳುವುದೂ ಕೊಡುವುದೂ ನಿಲ್ಲಿಸುವುದೂ ಇಷ್ಟರಲ್ಲೇ ಮುಗಿಯಿತು.

ಸಡಿಲಬೇಕಾದದ್ದೂ ಬಹಳವಲ್ಲ. 1840ರ ದಶಕದಲ್ಲಿ ಫ್ರೆಂಚ್ ವೈದ್ಯ ಪ್ವಾಸೆಯ್ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಕಂಡುಕೊಂಡ ನಿಯಮವೊಂದಿದೆ. ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. ಒತ್ತಡ ಅಷ್ಟೇ ಇದ್ದರೂ ತ್ರಿಜ್ಯ ಶೇ. 19ರಷ್ಟು ಹಿಗ್ಗಿದರೆ ಹರಿವು ಎರಡು ಪಟ್ಟು, ತ್ರಿಜ್ಯವೇ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟು. ಇಷ್ಟು ಅಲ್ಪ ಚಲನೆಯಿಂದ ಅಷ್ಟು ದೊಡ್ಡ ಫಲ.

ಎಲ್ಲ ತೂಬುಗಳೂ ಒಮ್ಮೆಲೇ ತೆರೆದುಕೊಂಡರೆ ರಕ್ತದೊತ್ತಡ ಕುಸಿದು ಮನುಷ್ಯ ತಲೆಸುತ್ತಿ ಬೀಳುತ್ತಾನೆ. ಅದಕ್ಕಾಗಿ ಕಠಿಣ ದುಡಿಮೆಯ ಹೊತ್ತಿನಲ್ಲಿ ಸಿಂಪಥೆಟಿಕ್ ನರಗಳು ಎಲ್ಲ ಕಡೆಗೂ 'ಬಿಗಿ ಹಿಡಿಯಿರಿ' ಎಂಬ ಅಪ್ಪಣೆ ಕಳಿಸುತ್ತವೆ. ಕರುಳು ಕೇಳುತ್ತದೆ, ಮೂತ್ರಪಿಂಡ ಕೇಳುತ್ತದೆ, ಸುಮ್ಮನಿರುವ ಸ್ನಾಯುವೂ ಕೇಳುತ್ತದೆ. ದುಡಿಯುತ್ತಿರುವ ಸ್ನಾಯುವಿನಲ್ಲಿ ಮಾತ್ರ ಆ ಅಪ್ಪಣೆಯ ಜೋರು ತಗ್ಗಿಬಿಡುತ್ತದೆ. ಅಲ್ಲಿ ಸ್ಥಳೀಯ ಅರ್ಜಿಯದೇ ಮೇಲುಗೈ. ಅಷ್ಟೇ ಅಲ್ಲ, ಆಳದ ಪುಟ್ಟ ಕವಲಿನಲ್ಲಿ ಹುಟ್ಟಿದ ಸಡಿಲಿಕೆ ನಾಳದ ಒಳಪದರದ ಕೋಶದಿಂದ ಕೋಶಕ್ಕೆ ದಾಟುತ್ತ, ರಕ್ತ ಹರಿದು ಬಂದ ದಿಕ್ಕಿಗೆ ಎದುರಾಗಿ ಏರುತ್ತದೆ. ಮೇಲಿನ ಕವಲುಗಳೂ ಅಗಲವಾಗದಿದ್ದರೆ ಕೆಳಗೆ ತೆರೆದು ಏನು ಫಲ? ಹರಿವಿನ ರಭಸ ಹೆಚ್ಚಿದಾಗಲೂ ಇದೇ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ಗೋಡೆಯನ್ನು ಇನ್ನಷ್ಟು ಸಡಿಲಿಸುತ್ತದೆ. ಒಳಪದರವನ್ನು ಉಜ್ಜಿ ತೆಗೆದರೆ, ನಾಳವನ್ನು ಸಡಿಲಿಸುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಹಾಕಿದರೂ ಮೊಲದ ಮಹಾಧಮನಿ ಸಡಿಲುವುದಿಲ್ಲ ಎಂದು 1980ರಲ್ಲಿ ತೋರಿಸಿದವರು ಬ್ರೂಕ್ಲಿನ್‌ನ ರಾಬರ್ಟ್ ಫರ್ಚ್‌ಗಾಟ್. 1998ರ ನೊಬೆಲ್ ಅವರಿಗೂ ಇನ್ನಿಬ್ಬರಿಗೂ ಸಂದಿತು.

ಮಿದುಳಿನ ಕಥೆ ನನಗೆ ಇನ್ನೂ ಇಷ್ಟ. ಬಾಸ್ಟನ್‌ನ ವೈದ್ಯ ಜಾನ್ ಫುಲ್ಟನ್ 1928ರಲ್ಲಿ ಒಬ್ಬ ನಾವಿಕನ ವಿಚಾರ ಬರೆದರು. ಅವನ ತಲೆಯ ಹಿಂಭಾಗದಲ್ಲಿ, ನೋಟವನ್ನು ನಿಭಾಯಿಸುವ ಜಾಗದಲ್ಲೇ, ರಕ್ತನಾಳಗಳು ಗಂಟುಗಂಟಾಗಿ ಹೆಣೆದುಕೊಂಡಿದ್ದವು. ರಕ್ತ ಹಾಯುವ ಸದ್ದು ಅವನಿಗೇ ಕೇಳಿಸುತ್ತಿತ್ತು. ಸ್ಟೆತಾಸ್ಕೋಪ್ ಇಟ್ಟ ವೈದ್ಯರಿಗೂ ಕೇಳಿಸುತ್ತಿತ್ತು. ಕಣ್ಣಿಗೆ ಕೆಲಸ ಕೊಟ್ಟು ಪತ್ರಿಕೆ ಓದತೊಡಗಿದರೆ ಆ ಸದ್ದು ಜೋರಾಗುತ್ತಿತ್ತು. ಗಡಿಯಾರದ ಟಿಕ್‌ಟಿಕ್‌ಗೆ ಕಿವಿಗೊಟ್ಟರೆ, ಏನನ್ನಾದರೂ ಮೂಸಿದರೆ ಹೆಚ್ಚುತ್ತಿರಲಿಲ್ಲ. ಓದುವ ಮನುಷ್ಯನ ಮಿದುಳಿಗೆ ಹರಿವ ನೆತ್ತರನ್ನು ಹೊರಗಿನವರೊಬ್ಬರು ಕಿವಿಯಾರೆ ಕೇಳಿದರಲ್ಲ, ಆ ಗಳಿಗೆಯನ್ನು ನೆನೆದರೆ ಈಗಲೂ ರೋಮಾಂಚನವಾಗುತ್ತದೆ. ಇಂದು ಎಫ್‌ಎಂಆರ್‌ಐ ಚಿತ್ರಗಳಲ್ಲಿ ಬಣ್ಣಬಣ್ಣವಾಗಿ ಬೆಳಗುವುದೂ ಇದೇ ಸಂಗತಿ. ಆ ಬಣ್ಣ ಯೋಚನೆಯದಲ್ಲ, ಯೋಚಿಸುವ ಜಾಗಕ್ಕೆ ಹೆಚ್ಚಾಗಿ ಬಂದ ರಕ್ತದ್ದು.

ಶ್ವಾಸಕೋಶದ್ದು ಮಾತ್ರ ತಿರುಗಾಮುರುಗಾ ನಡೆ. ಬೇರೆಲ್ಲ ಕಡೆ ಆಮ್ಲಜನಕ ಕಡಿಮೆಯಾದರೆ ನಾಳ ಹಿಗ್ಗುತ್ತದೆ, ಇಲ್ಲಿ ಮುದುಡುತ್ತದೆ. 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ಗಾಳಿ ತಲುಪದ ಮೂಲೆಗೆ ರಕ್ತ ಕಳಿಸಿ ಪ್ರಯೋಜನವಿಲ್ಲವಲ್ಲ. ಗಾಳಿಯಾಡುವ ಕಡೆಗೇ ಅದು ತಿರುಗುತ್ತದೆ. ಅದೇ ಕೊರತೆಗೆ ಎರಡು ಜಾಗಗಳಲ್ಲಿ ಎರಡು ಉತ್ತರ, ಎರಡೂ ಸರಿ.

ಇದನ್ನೆಲ್ಲ ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಹೆಬ್ಬೆರಳಿನಿಂದ ಅಂಗೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದು, ತುಸು ಹೊತ್ತಿನ ಮೇಲೆ ಬಿಟ್ಟು ನೋಡಿ. ಬಿಳಿಚಿದ ಜಾಗ ಮೊದಲಿನ ಬಣ್ಣಕ್ಕೆ ಬಂದು ನಿಲ್ಲುವುದಿಲ್ಲ. ಅದಕ್ಕಿಂತ ಕೆಂಪೇರಿ, ಆಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಬಾಕಿ ಉಳಿದ ರಕ್ತವನ್ನು ಆ ಅಂಗುಲದಗಲ ಚರ್ಮ ವಸೂಲಿ ಮಾಡಿಕೊಳ್ಳುತ್ತಿರುತ್ತದೆ. ಒತ್ತಿದ ಹೊತ್ತು ಹೆಚ್ಚಿದಷ್ಟೂ ಕೆಂಪು ಹೆಚ್ಚು ಹೊತ್ತು ನಿಲ್ಲುತ್ತದೆ.